ಖಾಲಿ ಕೈಯ ನಿಯಮ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ನಲವತ್ತೊಂಬತ್ತು ತುಂಬಿದೆ, ಮಂಡಿ ನೋವಿದೆ, ಓದುವ ಕನ್ನಡಕ ಬೇರೆ, ನೋಡುವ ಕನ್ನಡಕ ಬೇರೆ. ಇಷ್ಟಾದರೂ ಪ್ರತಿ ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಗಂಗಾನಗರದ ನಮ್ಮ ಮನೆಯ ಹಾಲಿನಲ್ಲಿ ನಾನು ರಾಕ್ಷಸರನ್ನು ಸಾಕುತ್ತೇನೆ. ಮನೆಯಲ್ಲಿ ನಾಯಿ ಸಾಕಬಾರದೆಂದು ಮಾಲೀಕರು ಬಾಡಿಗೆ ಕರಾರಿನಲ್ಲಿ ಬರೆಸಿಕೊಂಡಿದ್ದಾರೆ. ರಾಕ್ಷಸರ ವಿಷಯ ಅದರಲ್ಲಿ ಇಲ್ಲ.

ಇದೊಂದು ಆಟ. ಬೋರ್ಡು ಇಲ್ಲ, ಕಾಯಿ ಇಲ್ಲ. ಕಾಗದ, ಪೆನ್ಸಿಲು, ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ಬಗೆಬಗೆಯ ದಾಳಗಳು, ಮತ್ತು ಇಟ್ಟಿಗೆಯಷ್ಟು ದಪ್ಪದ ಒಂದು ನಿಯಮದ ಪುಸ್ತಕ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಅದರೊಳಗಿನ ಒಬ್ಬೊಬ್ಬರಾಗುತ್ತಾರೆ: ಒಬ್ಬ ಯೋಧ, ಒಬ್ಬಳು ಮಾಯಾವಿನಿ, ಹೀಗೆ. "ಎದುರಿಗೆ ಮುರಿದ ಸೇತುವೆ, ಏನು ಮಾಡ್ತೀರಿ?" ಎಂದು ಕತೆ ನಡೆಸುವವನು ಕೇಳಬೇಕು. ಅವರು ಹೇಳಿದ್ದು ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ಯಕ್ಷಗಾನದ ಭಾಗವತರ ಹಾಗೆ ಅವನು ಕುಣಿಯುವುದಿಲ್ಲ, ಆದರೆ ಅವನು ಬಾಯಿ ಬಿಡದೆ ಯಾರೂ ಕುಣಿಯುವ ಹಾಗಿಲ್ಲ.

ಆಟವನ್ನು ಮನೆಗೆ ತಂದವಳು ಸ್ವಾತಿ, ನನ್ನ ಅಕ್ಕನ ಮಗಳು. ಎಂ.ಎಸ್ಸಿ. ಓದಲು ನಮ್ಮಲ್ಲಿಗೆ ಬಂದಳು, ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ದಾಳ ಹೆಚ್ಚಾಗಿತ್ತು. ಕತೆ ನಡೆಸಬೇಕಾದವಳು ಅವಳೇ. ನಾನು ಸುಮ್ಮನೆ ಕುತೂಹಲಕ್ಕೆ ಪುಸ್ತಕ ಎತ್ತಿಕೊಂಡವನು ಎರಡು ವಾರದಲ್ಲಿ ಅಡಿಟಿಪ್ಪಣಿ ಸಮೇತ ಓದಿ ಮುಗಿಸಿ, ಅವಳು ತಪ್ಪಿದಲ್ಲೆಲ್ಲ ಪುಟದ ಸಂಖ್ಯೆ ಹೇಳಲಾರಂಭಿಸಿದೆ. ಮೂರನೆಯ ವಾರ ಅವಳು ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು.

"ನೀವೇ ನಡೆಸಿ ಮಾಮ. ನಿಮಗೆ 'ಆಗಲ್ಲ' ಅನ್ನೋದು ಚೆನ್ನಾಗಿ ಬರತ್ತೆ."

ಹೊಗಳಿಕೆ ಎಂದೇ ತಿಳಿದೆ. ನನ್ನ ಹೊಟ್ಟೆಪಾಡೂ ಆಗ ಅದೇ ಆಗಿತ್ತಲ್ಲ. ಒಂದು ಏಜೆನ್ಸಿಯ ಪರವಾಗಿ ಪೀಣ್ಯದಿಂದ ಟಿ. ದಾಸರಹಳ್ಳಿಯವರೆಗಿನ ಸಣ್ಣಪುಟ್ಟ ವರ್ಕ್‌ಶಾಪುಗಳಿಗೆ ಆರು ತಿಂಗಳಿಗೊಮ್ಮೆ ಹೋಗಿ, ಕೆಲಸಗಾರರ ಸುರಕ್ಷತೆ ಸರಿಯಿದೆಯೇ ಎಂದು ನೋಡಿ, ಚೆಕ್‌ಲಿಸ್ಟಿಗೆ ಟಿಕ್ ಹಾಕುವುದು. ಬೆಂಕಿ ಆರಿಸುವ ಸಿಲಿಂಡರ್ ಇದೆಯೇ, ಇದೆ. ಕಿವಿಗೆ ಪ್ಲಗ್ ಕೊಟ್ಟಿದ್ದಾರೆಯೇ, ಕೊಟ್ಟಿದ್ದಾರೆ. 'ನೋಡಿ' ಎಂಬ ಮಾತನ್ನು ಈಗಷ್ಟೇ ಬರೆದೆನಲ್ಲ, ಅದನ್ನು ಸ್ವಲ್ಪ ನೆನಪಿನಲ್ಲಿಡಿ.

ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದ ನಿಯಮ ಒಂದಿದೆ. ಮಂತ್ರ ಹಾಕಬೇಕಾದರೆ ಮೂರು ಬೇಕು: ಬಾಯಲ್ಲಿ ಮಾತು, ಕೈಯಲ್ಲಿ ಸನ್ನೆ, ಕೆಲವಕ್ಕೆ ಸಾಮಗ್ರಿ. ಸನ್ನೆಗೆ ಒಂದು ಕೈಯಾದರೂ ಖಾಲಿ ಇರಬೇಕು. ಬರಿಗೈ ಮಾಂತ್ರಿಕನಿಗೆ ತೊಂದರೆಯಿಲ್ಲ. ಕಷ್ಟ ಬರುವುದು ಕತ್ತಿ ಹಿಡಿದ ಪೂಜಾರಿಗೆ. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ, ಮನಸ್ಸಿನಲ್ಲಿ ದೇವರು. ಸನ್ನೆ ಮಾಡುವುದು ಯಾವ ಕೈಯಲ್ಲಿ? ಕತ್ತಿ ಕೆಳಗೆ ಬಿಡು, ಇಲ್ಲವೇ ಮಂತ್ರ ಬಿಡು.

ಇದಕ್ಕೊಂದು ಒಳಸುಳಿಯೂ ಇದೆ. ಗುರಾಣಿಯ ಮೇಲೆ ದೇವರ ಚಿಹ್ನೆ ಕೆತ್ತಿಸಿಕೊಂಡರೆ ಅದೇ ಸಾಮಗ್ರಿಯಾಗುತ್ತದೆ, ಆಗ ಆ ಕೈಯಿಂದಲೇ ಸನ್ನೆಯನ್ನೂ ಮಾಡಬಹುದು. ಆದರೆ ಸಾಮಗ್ರಿ ಬೇಡುವ ಮಂತ್ರಗಳಿಗೆ ಮಾತ್ರ. ಏನನ್ನೂ ಬೇಡದ, ಬಿದ್ದವನನ್ನು ಮುಟ್ಟಿ ಎಬ್ಬಿಸುವ ಪುಟ್ಟ ಮಂತ್ರಕ್ಕೆ ಆ ಸವಲತ್ತಿಲ್ಲ. ದೊಡ್ಡ ಕೆಲಸಕ್ಕೆ ದಾರಿಯಿದೆ, ಗಾಯ ವಾಸಿಮಾಡುವ ಚಿಕ್ಕ ಕೆಲಸಕ್ಕೆ ಅಡ್ಡಿ. ಓದಿದವರೆಲ್ಲ ಇದು ತಲೆಕೆಟ್ಟ ನಿಯಮ ಎನ್ನುತ್ತಾರೆ. ನಾನು ಸರ್ಕಾರಿ ಸುತ್ತೋಲೆಗಳನ್ನು ಓದಿ ಬೆಳೆದವನು, ನನಗೆ ಅದರಲ್ಲಿ ಮನೆಯ ವಾತಾವರಣ ಕಂಡಿತು.

ನಮ್ಮ ಶಿಲ್ಪಿಗಳಿಗೆ ಈ ನಿಯಮ ಯಾವಾಗಲೋ ಗೊತ್ತಿತ್ತು ಎಂಬುದು ನನ್ನ ಸಿದ್ಧಾಂತ. ಇಲ್ಲದಿದ್ದರೆ ದೇವರಿಗೆ ನಾಲ್ಕು ಕೈ ಯಾಕೆ? ಗುಡಿಯಲ್ಲಿ ನಿಂತು ನೋಡಿ. ಹಿಂದಿನ ಎರಡು ಕೈಗಳಲ್ಲಿ ಆಯುಧ, ಮುಂದಿನ ಎರಡರಲ್ಲಿ ಒಂದು 'ಹೆದರಬೇಡ' ಎನ್ನುತ್ತದೆ, ಇನ್ನೊಂದು 'ತಗೋ' ಎನ್ನುತ್ತದೆ. ಆಯುಧ ಹಿಡಿದ ಕೈಯಲ್ಲೇ ಅಭಯ ಕೊಡಲು ದೇವರಿಗೂ ಆಗುವುದಿಲ್ಲವೆಂದು ಕಂಡುಕೊಂಡ ಶಿಲ್ಪಿ, ನಿಯಮ ಸಡಿಲಿಸದೆ ಕೈಯನ್ನೇ ಹೆಚ್ಚಿಸಿದ. ಎರಡೇ ಕೈಯ ಪುರೋಹಿತರ ಕಷ್ಟ ನೋಡಿ: ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಆರತಿ, ಬಾಯಲ್ಲಿ ಮಂತ್ರ. ನಡುವೆ ಹೂ ಹಾಕಬೇಕಾದರೆ ಕಣ್ಣಿನಲ್ಲೇ ಯಜಮಾನನನ್ನು ಗದರಿಸಬೇಕು.

ಇನ್ನು ಬೆಂಗಳೂರಿನ ಎರಡು ಕೈಗಳು. ಹೆಬ್ಬಾಳದ ಫ್ಲೈಓವರ್ ಮೇಲೆ ಹೆಲ್ಮೆಟ್ಟಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ತಲೆ ಒಂದು ಪಕ್ಕಕ್ಕೆ ವಾಲಿಸಿ, "ಹೇಳು ಮಗಾ, ಕೇಳಿಸ್ತಿದೆ" ಎನ್ನುತ್ತ ಸಾಗುವ ಸವಾರನನ್ನು ಕಂಡಾಗ, ಇವನೇ ಮೇಲಿನ ಹಂತ ಮುಟ್ಟಿದ ಯೋಧ ಎಂದುಕೊಳ್ಳುತ್ತೇನೆ. ಸಿಟಿ ಬಸ್ಸಿನ ಕಂಡಕ್ಟರು ಅವನಿಗೂ ಗುರು. ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು, ಅಂಗೈಯಲ್ಲಿ ಟಿಕೆಟ್ ಮೆಷಿನ್ನು, ಕಂಬಿಗೆ ಮೊಣಕೈ, ಬಾಯಲ್ಲಿ ಪೆನ್ನು. ಪುಸ್ತಕ ಬರೆದವರು ಒಮ್ಮೆ ಯಶವಂತಪುರದಿಂದ ಯಲಹಂಕದ ಬಸ್ಸು ಹತ್ತಿದ್ದರೆ ಆ ಅಧ್ಯಾಯವನ್ನೇ ಹರಿದುಹಾಕುತ್ತಿದ್ದರು. ನಮ್ಮಮ್ಮನದಂತೂ ಬೇರೆಯೇ ನಿಯಮ. ಬಲಗೈ ತುಂಬಿದ್ದರೂ ಸರಿ, ಎಡಗೈಯಲ್ಲಿ ಯಾರಿಗೂ ಏನೂ ಕೊಡಬಾರದು. ಕೊಡಲೇಬೇಕಾದರೆ "ಎಡಗೈ ಕಣಪ್ಪಾ" ಎಂದು ತಪ್ಪೊಪ್ಪಿಕೊಂಡು ಕೊಡಬೇಕು.

ಈಗ ಬಸುವಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಾಡಿದ್ದು ಅಲ್ಲಿಗೆ ಬರಲು ಮನಸ್ಸಿಲ್ಲದೆ.

ದಾಸರಹಳ್ಳಿಯ ಕಡೆ ಒಂದು ಶೆಡ್ಡು. ತಗಡನ್ನು ಪ್ರೆಸ್ಸಿನಲ್ಲಿ ಬಡಿದು ಫ್ಯಾನಿನ ಬಿಡಿಭಾಗ ಮಾಡುತ್ತಾರೆ. ಒಂದು ಮಾರ್ಚ್‌ನಲ್ಲಿ ಅಲ್ಲಿಗೆ ಹೋಗಿದ್ದೆ. ಸೆಕೆ. ಮಾಲೀಕರು ಫ್ಯಾನ್ ಇರುವ ತಮ್ಮ ಕ್ಯಾಬಿನ್ನಿನಲ್ಲಿ ಕೂರಿಸಿ ಟೀ ತರಿಸಿದರು. ಎಡಗೈಯಲ್ಲಿ ಟೀ ಲೋಟ, ತೊಡೆಯ ಮೇಲೆ ಚೆಕ್‌ಲಿಸ್ಟು. ಪೆನ್ನಿಗೆಂದು ಚೀಲದೊಳಗೆ ಬಲಗೈ ಹಾಕಿದಾಗ ಇಪ್ಪತ್ತು ಮುಖದ ದಾಳವೊಂದು ಹೊರಗೆ ಬಿದ್ದು, ಉರುಳಿ, ಬಾಗಿಲು ದಾಟಿ ಪ್ರೆಸ್ಸುಗಳ ಕಡೆಗೆ ಹೋಯಿತು. ನಾನು ಏಳಲಿಲ್ಲ. ಎರಡು ನಿಮಿಷದ ಮೇಲೆ ಎಣ್ಣೆಗೈಯ ಒಬ್ಬ ಅದನ್ನು ಬನಿಯನ್ನಿನಲ್ಲಿ ಒರೆಸುತ್ತ ಬಾಗಿಲಲ್ಲಿ ನಿಂತ.

"ಸರ, ನನ್ನ ಪ್ರೆಸ್ಸಿನ ಬುಡಕ್ಕ ಬಂದಿತ್ರಿ. ಇದ್ಯಾವ ಮಷಿನಿಂದ್ರಿ?"

ಆಟದ್ದು ಎಂದೆ. ಅವನು ನಂಬಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಇಪ್ಪತ್ತು ಮುಖ ಅದಾವ್ರಿ, ಎಲ್ಲಾ ಸಮ ಅದಾವ. ಆಟಕ್ಕ ಇಷ್ಟು ಚಂದ ಡೈ, ಅಚ್ಚು ಮಾಡ್ತಾರೇನ್ರಿ?"

ಅವನೇ ಬಸವರಾಜ, ಗದಗದ ಕಡೆಯವನು, ಮೂವತ್ತೆರಡು ವರ್ಷ. ಆ ಶೆಡ್ಡಿನಲ್ಲಿ ಪ್ರೆಸ್ ಆಪರೇಟರು. ಬಂದು ನೋಡು ಎಂದು ಮನೆಯ ವಿಳಾಸ ಕೊಟ್ಟೆ. ಮುಂದಿನ ಭಾನುವಾರ ಎರಡು ಬಸ್ಸು ಬದಲಿಸಿ ಗಂಗಾನಗರಕ್ಕೆ ಬಂದ, ಕೈಯಲ್ಲಿ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ. ಪಾತ್ರಕ್ಕೆ ಹೆಸರಿಡು ಎಂದರೆ ಪುಸ್ತಕದ ನಾಲಿಗೆ ತಿರುಚುವ ಹೆಸರುಗಳನ್ನೆಲ್ಲ ಒಂದು ಸುತ್ತು ನೋಡಿ, "ಕಲ್ಲಪ್ಪ ಅಂತ ಇಡ್ರಿ" ಎಂದ. ಹಾಗಾಗಿ ನಮ್ಮ ಕತೆಯಲ್ಲಿ ಕತ್ತಿ ಗುರಾಣಿ ಹಿಡಿದ ಪೂಜಾರಿಯೊಬ್ಬ ಕಲ್ಲಪ್ಪನಾದ. ಸ್ವಾತಿಯ ಮಾಯಾವಿನಿ ನೀಲಾ. ಇವರಿಬ್ಬರ ಎದುರಿಗೆ ನನ್ನ ರಾಕ್ಷಸರು. ಬಸು ಉಳಿದ ತಗಡಿನ ಚೂರಿನಲ್ಲಿ ಉಗುರಿನಷ್ಟು ದೊಡ್ಡ ಗುರಾಣಿ ಬಡಿದು, ಮೇಲೆ ನಂದಿಯ ಮುಖ ಕೊರೆದು ತಂದ. ಆಟದಲ್ಲಿ ಅದನ್ನು ಮೇಜಿನ ಮೇಲೆ ನಿಲ್ಲಿಸಿಕೊಳ್ಳುತ್ತಿದ್ದ. ಅಷ್ಟು ಸಂತೋಷದಿಂದ ಆಡುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ಭಾನುವಾರ ಅವನು ಬರುವುದು ತಡವಾದರೆ ನಾನು ಗೇಟಿನ ಬಳಿ ಹೋಗಿ ನಿಲ್ಲುತ್ತಿದ್ದೆ. ಸ್ನೇಹ ಎಂದು ಆಗ ಹೆಸರಿಟ್ಟಿರಲಿಲ್ಲ, ಇಟ್ಟಿದ್ದರೆ ಚೆನ್ನಾಗಿತ್ತು.

ಒಂದು ಭಾನುವಾರ ಮುರಿದ ಸೇತುವೆ ಬಂತು. ಕೆಳಗೆ ಹೊಳೆ, ಎರಡೂ ತುದಿಯಲ್ಲಿ ರಾಕ್ಷಸರು. ನೀಲಾ ಏಟು ತಿಂದು ಬಿದ್ದಳು, ಉಸಿರು ಎಣಿಸುತ್ತಿದ್ದಾಳೆ. ಕಲ್ಲಪ್ಪ ಅವಳ ಪಕ್ಕದಲ್ಲೇ ಇದ್ದಾನೆ.

"ಅಕಿನ್ನ ಮುಟ್ಟಿ ಎಬ್ಬಸ್ತೀನ್ರಿ" ಎಂದ ಬಸು.

"ಆಗಲ್ಲ. ಎರಡು ಕೈಯೂ ತುಂಬಿದೆ."

"ಗುರಾಣಿ ಮ್ಯಾಲೆ ನಂದಿ ಅದಾನಲ್ರಿ."

ನಾನು ಪುಟದ ಸಂಖ್ಯೆ ಹೇಳಿದೆ. ಈ ಮಂತ್ರಕ್ಕೆ ಸಾಮಗ್ರಿ ಬೇಡ, ಆದ್ದರಿಂದ ನಂದಿ ನಡೆಯುವುದಿಲ್ಲ. ಕತ್ತಿ ಬಿಟ್ಟರೆ? ಸೇತುವೆಯ ಹಲಗೆ ಕಿತ್ತುಹೋಗಿದೆ, ಹೊಳೆಗೆ ಬೀಳುತ್ತದೆ. ಆ ಕತ್ತಿಗಾಗಿ ಅವನು ನಾಲ್ಕು ತಿಂಗಳು ಆಡಿದ್ದ.

"ಬಗಲಾಗ ಹಿಡಕೊಂತೀನ್ರಿ ಕತ್ತಿ."

"ಪುಸ್ತಕದಲ್ಲಿಲ್ಲ."

"ಮಾಮ, ಬಿಟ್ಬಿಡಿ, ಒಂದ್ ಸಲ ಅಲ್ವಾ" ಎಂದಳು ಸ್ವಾತಿ. ಸಾಯುತ್ತಿದ್ದವಳು ಅವಳೇ, ಅವಳ ಮಾತಿಗೆ ಬೆಲೆಯಿಲ್ಲ ಎಂದು ನಕ್ಕೆ.

ಬಸು ಮೇಜಿನ ಮೇಲೆ ಎರಡೂ ಕೈ ಚಾಚಿ, ಪ್ರೆಸ್ಸಿನ ಮುಂದೆ ಕೂತವನ ಹಾಗೆ ಕೂತ. "ಕೇಳ್ರಿ ಸರ. ದುಡಿಯಾವಂಗ ಮೂರನೇ ಕೈ ತಾನ ಹುಟ್ಟತೈತಿ. ನಮ್ಮ ಪ್ರೆಸ್ಸಿಗೆ ಎರಡು ಬಟನ್ ಅದಾವು. ಎರಡೂ ಕೈಲೆ ಎರಡೂ ಒತ್ತಿದ್ರನ ಅದು ಬಡೀತೈತಿ. ಹಂಗ ಮಾಡ್ಕೋತ ಕುಂತ್ರ ದಿನದ ಕೆಲಸ ಮುಗಿಯಂಗಿಲ್ಲ ಅಂತ ಮಾಲಕರು ಒಂದಕ್ಕ ತಂತಿ ಸುತ್ತಿಸಿ, ಒತ್ತಿದಂಗ ಇಟ್ಟಬಿಟ್ಟಾರ. ಆವಾಗ ಒಂದು ಕೈ ಖಾಲಿ ಸಿಗತೈತಿ, ತಗಡು ಸರಸಾಕ. ಹಂಗ ಕಲ್ಲಪ್ಪನೂ ಏನರ ಒಂದು ಮಾಡ್ತಾನ."

ನನ್ನ ಉತ್ತರವನ್ನು ಅಕ್ಷರಶಃ ಬರೆಯುತ್ತೇನೆ. ಅದು ನನಗೆ ಬಾಯಿಪಾಠವಾಗಿದೆ.

"ಬಸು, ಅದೆಲ್ಲ ನಿಮ್ಮ ಶೆಡ್ಡಲ್ಲಿ ನಡೆಯತ್ತೆ. ಇಲ್ಲಿ ನಡೆಯಲ್ಲ."

ನಾನೂ ಸ್ವಾತಿಯೂ ನಕ್ಕೆವು. ಬಸುವೂ ನಕ್ಕ. "ಬರೋ ವಾರ ಉತ್ತರ ಹುಡುಕ್ಕೊಂಡು ಬರ್ತೀನ್ರಿ, ಅಲ್ಲೀತನ ಅಕಿ ಸಾಯಬಾರದು ನೋಡ್ರಿ ಮತ್ತ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಪ್ರೆಸ್ಸಿಗೆ ಎರಡು ಬಟನ್ ಯಾಕಿರುತ್ತವೆ ಎಂದು ನಿಮಗೆ ಹೇಳಬೇಕು. ಅವನ್ನು ಬೇಕೆಂದೇ ದೂರ ದೂರ ಇಟ್ಟಿರುತ್ತಾರೆ. ಪ್ರೆಸ್ಸು ಕೆಳಗೆ ಬರುವಾಗ ಕೆಲಸಗಾರನ ಎರಡೂ ಕೈಗಳು ಆ ಬಟನ್ನುಗಳ ಮೇಲೆಯೇ ಇರಲಿ, ಅದರ ಬಾಯೊಳಗೆ ಇರದಿರಲಿ ಎಂದು. ಆಟದ ಪುಸ್ತಕ ಒಂದು ಕೈ ಖಾಲಿ ಇರಲೇಬೇಕು ಎನ್ನುತ್ತದೆ, ಪ್ರೆಸ್ಸು ಒಂದು ಕೈಯೂ ಖಾಲಿ ಇರಕೂಡದು ಎನ್ನುತ್ತದೆ. ನನ್ನ ಚೆಕ್‌ಲಿಸ್ಟಿನಲ್ಲಿ ಇದಕ್ಕೊಂದು ಸಾಲೇ ಇತ್ತು: 'ಎರಡು ಕೈ ಬಟನ್ ವ್ಯವಸ್ಥೆ ಸುಸ್ಥಿತಿಯಲ್ಲಿದೆಯೇ?' ದಾಳ ಉರುಳಿದ ಆ ದಿನ, ಟೀ ಮುಗಿಯುವ ಮೊದಲೇ, ಅದರ ಮುಂದೆ ನಾನು ಟಿಕ್ ಹಾಕಿದ್ದೆ. ಪ್ರೆಸ್ಸು ಕ್ಯಾಬಿನ್ನಿನಿಂದ ಹದಿನೈದು ಹೆಜ್ಜೆ. ದಾಳ ಅಲ್ಲಿಯವರೆಗೆ ಹೋಗಿ ಬಂದಿತ್ತು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರೆ. ನಾನು ಅದಕ್ಕಿಂತ ಕಡೆ. ಬದನೆಕಾಯಿ ತಿಂದವನಿಗೆ ಅದರ ರುಚಿಯಾದರೂ ಗೊತ್ತಿರುತ್ತದೆ. ಭಾನುವಾರ ಇಲ್ಲದ ಹೊಳೆಗೆ ಇಲ್ಲದ ಕತ್ತಿ ಬೀಳುತ್ತದೆಯೇ ಎಂದು ಇಷ್ಟು ನಿಷ್ಠುರವಾಗಿ ಲೆಕ್ಕ ಹಾಕುವವನು ಸೋಮವಾರದಿಂದ ಶನಿವಾರದವರೆಗೆ ಟೀ ಕುಡಿಯುತ್ತಿದ್ದ. ಯಾಕೆಂದರೆ ನಿಜವಾದ ಶೆಡ್ಡಿನಲ್ಲಿ 'ಆಗಲ್ಲ' ಎಂದರೆ ಮುಂದಿನ ಸಲ ಆ ಶೆಡ್ಡಿಗೆ ಬೇರೆಯವರನ್ನು ಕರೆಯುತ್ತಾರೆ. ಮೇಜಿನ ಮುಂದೆ 'ಆಗಲ್ಲ' ಎಂದರೆ ಅಕ್ಕನ ಮಗಳು ಮುಖ ಊದಿಸಿಕೊಳ್ಳುತ್ತಾಳೆ, ಅಷ್ಟೇ. ನನ್ನ ನಿಷ್ಠುರತೆ ಅದರ ಖರ್ಚಿಲ್ಲದ ಜಾಗವನ್ನು ಹುಡುಕಿಕೊಂಡಿತ್ತು.

ಮುಂದಿನ ಭಾನುವಾರ ಬಸು ಬರಲಿಲ್ಲ, ಓವರ್‌ಟೈಮ್ ಎಂದು ಮೆಸೇಜು ಹಾಕಿದ. ಬುಧವಾರ ಹಗಲು, ಊಟಕ್ಕೆ ಮೊದಲು, ಅವನ ಬಲಗೈ ಪ್ರೆಸ್ಸಿನ ಬಾಯೊಳಗೆ ತಗಡು ಸರಿಸುತ್ತಿದ್ದಾಗ ಅದು ಕೆಳಗೆ ಬಂತು. ತೋರುಬೆರಳು ಮತ್ತು ನಡುಬೆರಳು ಹೋದವು.

ನನಗೆ ಸುದ್ದಿ ತಲುಪಿದ್ದು ಬಸುವಿನಿಂದಲ್ಲ. ಸಂಜೆ ಶೆಡ್ಡಿನ ಮಾಲೀಕರ ಫೋನು ಬಂತು. "ಏನ್ ಸಮಾಚಾರ ಸರ್? ಒಂದ್ ಸಣ್ ಹೆಲ್ಪ್ ಆಗ್ಬೇಕು. ಮಾರ್ಚ್‌ದು ನಿಮ್ ಚೆಕ್‌ಲಿಸ್ಟ್ ಇದ್ಯಲ್ಲ, ನಮ್ ಫೈಲಲ್ಲಿ ಎಲ್ಲೋ ಮಿಸ್ ಆಗಿದೆ. ಒಂದ್ ಕಾಪಿ ವಾಟ್ಸಾಪ್ ಮಾಡ್ಬಿಡಿ." ಯಾಕೆಂದು ಕೇಳದೆ ಎರಡೇ ನಿಮಿಷದಲ್ಲಿ ಕಳಿಸಿದೆ. ನನ್ನ ಫೈಲುಗಳು ಅಷ್ಟು ಅಚ್ಚುಕಟ್ಟು. ಕಳಿಸಿದ ಮೇಲೆ ಅವರು, "ಥ್ಯಾಂಕ್ಸ್ ಸರ್. ಹುಡುಗ ತಾನೇ ತಂತಿ ಕಟ್ಕೊಂಡು ಕೈ ಕೊಟ್ಬಿಟ್ಟ. ನಾವ್ ಮಷಿನ್ ಸರಿಯಾಗೇ ಇಟ್ಟಿದ್ವಿ ಅನ್ನೋಕೆ ನಿಮ್ ಟಿಕ್ಕೇ ಆಧಾರ" ಎಂದರು. ಯಾವ ಹುಡುಗ ಎಂದು ನಾನು ಆಗ ಕೇಳಿದೆ.

ಆಸ್ಪತ್ರೆ ಯಶವಂತಪುರದ ಕಡೆ. ಮೂರನೆಯ ಮಹಡಿ, ಕಿಟಕಿಯ ಪಕ್ಕದ ಮಂಚ. ಸ್ವಾತಿ ಮೂಸಂಬಿ ಹಿಡಿದುಕೊಂಡಿದ್ದಳು, ನಾನು ಏನೂ ಹಿಡಿದುಕೊಂಡಿರಲಿಲ್ಲ. ಬಸು ಎದ್ದು ಕೂರಲು ನೋಡಿದ, ದೊಡ್ಡವರು ಬಂದರೆ ಏಳಬೇಕಲ್ಲ. ಮಲಕೋ ಎಂದು ಭುಜ ಮುಟ್ಟಿದೆ. ಬಲಗೈಗೆ ಬಿಳಿಯ ಬ್ಯಾಂಡೇಜು ಮೊಣಕೈವರೆಗೂ ಇತ್ತು. ಸ್ವಲ್ಪ ಹೊತ್ತು ಊರಿನ ಮಳೆಯ ವಿಷಯ ಮಾತಾಡಿದೆವು.

ಆಮೇಲೆ ಅವನು ಕಿಟಕಿ ನೋಡುತ್ತಲೇ ಅಂದ: "ನಾ ಹೇಳಿದ್ದೆಲ್ರಿ ಸರ, ತಂತಿ ಸುತ್ಯಾರ ಅಂತ."

"ಹೂಂ."

"ಬಿಡ್ರಿ. ಆಟದ ನಡುವ ಹೇಳಿದ್ದೆ. ನಿಮಗ ಆಟದ ಚಿಂತಿ ಇತ್ತು."

ಬೈದಿದ್ದರೆ ಸಹಿಸಬಹುದಿತ್ತು. ಅವನು ನಿಜವಾಗಿಯೂ ನನಗೊಂದು ನೆಪ ಹುಡುಕಿ ಕೊಡುತ್ತಿದ್ದ. ಮೆಟ್ಟಿಲಿಳಿಯುವಾಗ ನನಗೆ ನಾಚಿಕೆಯಾಯಿತು. ರಸ್ತೆಗೆ ಬಂದು ಫುಟ್‌ಪಾತ್ ಮೇಲೆ ಕೂತುಬಿಟ್ಟೆ. ಸ್ವಾತಿ ಪಕ್ಕದಲ್ಲಿ ನಿಂತಿದ್ದಳು.

ಆಗ ನಾನು ಮಾಡಬೇಕಾದ್ದು ಒಂದೇ ಇತ್ತು. ಮಾರ್ಚ್‌ನಲ್ಲಿ ನಾನು ಪ್ರೆಸ್ಸನ್ನು ನೋಡಲಿಲ್ಲ, ನೋಡದೆ ಟಿಕ್ ಹಾಕಿದೆ, ತಂತಿ ಮಾಲೀಕರಿಗೆ ಗೊತ್ತಿದ್ದೇ ಇತ್ತೆಂದು ಬಸು ಬಾಯಿಂದ ಮೊದಲೇ ಕೇಳಿದ್ದೆ ಎಂದು ಬರೆದು ಸಹಿ ಮಾಡಿ ಕಾರ್ಮಿಕ ಇಲಾಖೆಗೆ ಕೊಡುವುದು. ಮಾಡಿದೆನೇ? ಹನ್ನೊಂದು ದಿನ ಮಾಡಲಿಲ್ಲ. ಹನ್ನೊಂದು ದಿನವೂ ನನ್ನ ಬಳಿ ಒಳ್ಳೆಯ ವಾದಗಳಿದ್ದವು. ಎಲ್ಲರೂ ಹೀಗೇ ಟಿಕ್ ಹಾಕುವುದು. ನಾನು ಎದ್ದು ನೋಡಿದ್ದರೂ ಆ ದಿನ ತಂತಿ ಬಿಚ್ಚಿಟ್ಟಿರುತ್ತಿದ್ದರು. ನನಗೂ ಸಂಸಾರವಿದೆ. ಒಂದೊಂದು ವಾದಕ್ಕೂ ಪುಟದ ಸಂಖ್ಯೆ ಕೊಡಬಲ್ಲೆ ಎನ್ನುವಷ್ಟು ಖಚಿತವಾಗಿದ್ದವು.

ಆ ಟಿಕ್ಕಿನ ಬಗ್ಗೆ ಯೋಚಿಸಿದಾಗೆಲ್ಲ ನನಗೆ ನಗು ಬರುತ್ತಿತ್ತು, ಒಳ್ಳೆಯ ನಗುವಲ್ಲ. ಎಡಗೈಯಲ್ಲಿ ಟೀ, ಬಲಗೈಯಲ್ಲಿ ಪೆನ್ನು. ನನ್ನ ಪುಸ್ತಕದ ಪ್ರಕಾರ ಎರಡೂ ಕೈ ತುಂಬಿದವನು ಯಾವ ಮಂತ್ರವನ್ನೂ ಹಾಕುವಂತಿಲ್ಲ. ಆದರೆ ನಾನು ಆ ದಿನ ಹಾಕಿದ ಮಂತ್ರದಷ್ಟು ಗಟ್ಟಿಯಾದದ್ದು ಆ ಪುಸ್ತಕದಲ್ಲೇ ಇಲ್ಲ. ಮುರಿದ ಮಷಿನ್ನು ಕಾಗದದ ಮೇಲೆ ಸರಿಯಾಯಿತು. ಆರು ತಿಂಗಳು ಕೆಡದೆ ಉಳಿಯಿತು. ಒಬ್ಬನ ಬೆರಳು ಹೋದರೂ ಅದು ಮುರಿಯಲಿಲ್ಲ, ಇನ್ನಷ್ಟು ಬಲವಾಯಿತು.

ಹನ್ನೊಂದನೆಯ ದಿನ ಭಾನುವಾರ. ಮೂರು ಗಂಟೆಗೆ ಅಭ್ಯಾಸಬಲದಿಂದ ನಾನು ಕಪಾಟಿನಿಂದ ನಿಯಮದ ಪುಸ್ತಕ ತೆಗೆಯಲು ಹೋದೆ. ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ಸುಮ ತಲೆಯೆತ್ತಲಿಲ್ಲ.

"ಅದನ್ನ ಮುಟ್ಬೇಡಿ" ಎಂದಳು. "ಮೊದ್ಲು ಆ ಕಾಗದ ಬರೀರಿ. ಬರೆಯಲ್ಲ ಅಂದ್ರೆ ಇನ್ಮೇಲೆ ಈ ಮನೇಲಿ ರೂಲ್ಸ್ ಅನ್ನೋ ಮಾತೇ ಬೇಡ. ನನಗೆ ಕೇಳಿಸ್ಕೊಳ್ಳೋಕೆ ಅಸಹ್ಯ ಆಗತ್ತೆ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಆ ಪದವನ್ನು ನನ್ನ ಮೇಲೆ ಬಳಸಿದ್ದು ಅದೇ ಮೊದಲು. ಬರೆದೆ. ಒಂದೂವರೆ ಪುಟ. ಸೋಮವಾರ ಕೊಟ್ಟು ಬಂದೆ.

ಧೀರನಾದೆ ಎಂದು ತಿಳಿಯಬೇಡಿ. ತಡವಾಗಿ ಹೇಳಿದ ಸತ್ಯ ಹಳಸಿದ ಅನ್ನದ ಹಾಗೆ, ಬಡಿಸಿದವನಿಗೆ ಯಾರೂ ಋಣಿಗಳಾಗುವುದಿಲ್ಲ. ಏಜೆನ್ಸಿಯವರು "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಸರ್" ಎಂದರು, ಆ ರೆಸ್ಟು ಇನ್ನೂ ಮುಗಿದಿಲ್ಲ. ಈಗ ನಾನು ಯಲಹಂಕದ ಅಪಾರ್ಟ್‌ಮೆಂಟುಗಳಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹೇಗೆ ಹಿಡಿಯಬೇಕೆಂದು ತೋರಿಸಿಕೊಡುತ್ತೇನೆ. ಅದಕ್ಕೆ ಎರಡೂ ಕೈ ಬೇಕು. ಬಸುವಿನ ಕೇಸು ನಡೆಯುತ್ತಿದೆ. ನನ್ನ ಕಾಗದ ಫೈಲಿಗೆ ಸೇರಿದೆ, ಅದರ ಪಕ್ಕದಲ್ಲೇ ನನ್ನ ಟಿಕ್ಕೂ ಇದೆ. ಒಬ್ಬನೇ ಮನುಷ್ಯ ಎರಡು ಕಡೆಯಲ್ಲೂ ಸಹಿ ಮಾಡಿದ್ದಾನೆ, ಯಾವುದನ್ನು ನಂಬಬೇಕೆಂದು ಇಲಾಖೆಯವರು ಯೋಚಿಸುತ್ತಿದ್ದಾರೆ. ಶೆಡ್ಡಿಗೆ ಹೊಸಬರೊಬ್ಬರು ಬಂದು ಹೋದರಂತೆ. ಎಲ್ಲ ಸರಿಯಿದೆ ಎಂದು ಬರೆದರಂತೆ. ತಂತಿಯಂತೂ ಈಗ ಇಲ್ಲವಂತೆ, ಬಸು ಹೇಳಿದ. ಅವನಿಗೆ ಅಲ್ಲೇ ಪ್ಯಾಕಿಂಗ್ ಕೆಲಸ ಕೊಟ್ಟಿದ್ದಾರೆ.

ಈ ನಡುವೆ ನಾವು ಆಟ ಆಡಿರಲಿಲ್ಲ. ನೀಲಾ ಮೂರು ತಿಂಗಳಿಂದ ಸೇತುವೆಯ ಮೇಲೆ ಬಿದ್ದೇ ಇದ್ದಳು.

ಕಳೆದ ಭಾನುವಾರ ಮೂರಕ್ಕೆ ಗೇಟಿನ ಸದ್ದಾಯಿತು. ಬಸು. ರೊಟ್ಟಿಯ ಕಟ್ಟನ್ನು ಸುಮಳ ಕೈಗೆ ಕೊಡುತ್ತ, "ಎಡಗೈರಿ ಅಕ್ಕಾರ, ತಪ್ಪು ತಿಳೀಬ್ಯಾಡ್ರಿ" ಎಂದ. ಸುಮ ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಏನೇನೋ ಹೇಳಬೇಕೆಂದು ಮೂರು ತಿಂಗಳಿಂದ ಜೋಡಿಸಿಟ್ಟುಕೊಂಡಿದ್ದೆ. ಅವನು ಅವಕಾಶ ಕೊಡಲಿಲ್ಲ. ತನ್ನ ಜಾಗದಲ್ಲಿ ಕೂತು, ಜೇಬಿನಿಂದ ನಂದಿಯ ಗುರಾಣಿ ತೆಗೆದು ಮೇಜಿನ ಮೇಲೆ ನಿಲ್ಲಿಸಿದ.

"ಉತ್ತರ ಹುಡುಕ್ಕೊಂಡು ಬಂದೀನ್ರಿ ಸರ" ಎಂದ. "ಕಲ್ಲಪ್ಪಗ ಇನ್ ಮ್ಯಾಲೆ ಕತ್ತಿ ಹಿಡಿಯಾಕ ಬರಂಗಿಲ್ಲ. ಬಲಗೈ ಯಾವಾಗ್ಲೂ ಖಾಲಿ. ಈಗ ಮಂತ್ರ ಹಾಕಬಹುದಲ್ರಿ?"

ಮಾಸಿದ ಗಾಯದ ಆ ಕೈಯನ್ನು ಮೇಜಿನ ಮೇಲೆ ಇಟ್ಟಿದ್ದ. ಬೆರಳಿಲ್ಲದ ಕೈ ಸನ್ನೆ ಮಾಡಬಹುದೇ ಎಂಬುದಕ್ಕೆ ಪುಸ್ತಕದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಕಪಾಟಿನಿಂದ ಅದನ್ನು ತೆಗೆದಿರಲಿಲ್ಲ.

"ಹಾಕು" ಎಂದೆ.

ಬಿದ್ದವಳಿಗೆ ಎಷ್ಟು ಜೀವ ಮರಳುತ್ತದೆಂದು ಹೇಳುವ ಎಂಟು ಮುಖದ ದಾಳವನ್ನು ಅವನು ಎಡಗೈಯಲ್ಲಿ ಎಸೆದ. ಆ ಕೈಗೆ ಇನ್ನೂ ಅಳತೆ ಸಿಕ್ಕಿಲ್ಲ. ಅದು ಮೇಜು ದಾಟಿ ಬಿದ್ದು, ಉರುಳಿ, ದಿವಾನದ ಅಡಿಗೆ ಹೋಯಿತು. ಎಷ್ಟು ಬಿತ್ತೋ ಯಾರಿಗೂ ಕಾಣಲಿಲ್ಲ. ಸ್ವಾತಿ ಏಳಹೊರಟಳು. ಬೇಡವೆಂದೆ. ಮಂಡಿಯೂರಿದೆ, ನೋವಾಯಿತು. ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಓದುವ ಕನ್ನಡಕ ಹಾಕಿಕೊಂಡು, ಮೊಬೈಲಿನ ಟಾರ್ಚ್ ಬಿಟ್ಟು ನೋಡಿದೆ. ಧೂಳಿನಲ್ಲಿ ದಾಳ ನೆಟ್ಟಗೆ ಕೂತಿತ್ತು.

ಒಂದು.

ಎಂಟರಲ್ಲಿ ಒಂದು. ಆರು ಎನ್ನಬಹುದಿತ್ತು, ಏಳು ಎನ್ನಬಹುದಿತ್ತು. ನಾನು ಏನು ಹೇಳಿದರೂ ಅವರು ನಂಬುತ್ತಿದ್ದರು. ನನ್ನ ಮಾತನ್ನು ನಂಬುವುದು ಅವನಿಗೆ ಹೊಸದೇನಲ್ಲ.

"ಒಂದು ಬಿದ್ದಿದೆ ಬಸು" ಎಂದೆ, ನೆಲದ ಮೇಲಿಂದಲೇ.

ಮೇಲಿನಿಂದ ಬಸುವಿನ ದನಿ ಬಂತು.

"ನೋಡಿ ಹೇಳಿದ್ರಲ್ರಿ?"

"ನೋಡಿ ಹೇಳಿದೆ."

"ಹಂಗಾದ್ರ ಬರ್ಕೋರಿ ಒಂದು. ಬಿದ್ದಾಕಿ ಎದ್ದು ಕುಂದ್ರಾಕ ಒಂದು ಸಾಕಲ್ರಿ."

ಸಾಕು. ನಿಯಮದಲ್ಲೂ ಹಾಗೇ ಇದೆ.